ಮತ್ತೆಯೊಟ್ಟಿಯ ಲೆಕ್ಕ

ಉತ್ತರ ಇಟಲಿಯ ಸಿರಿವಂತ ಭೂಮಾಲಿಕರ ಮನೆಯಲ್ಲಿ 1885ರಲ್ಲಿ ಜನಿಸಿದ ಜಾಕೊಮೊ ಮತ್ತೆಯೊಟ್ಟಿಯು ನ್ಯಾಯಶಾಸ್ತ್ರವನ್ನೋದಿಯೂ ಕೂಲಿಕಾರರ ಪಕ್ಷವನ್ನೇ ಹಿಡಿದನು. 1919ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿದನು. ಫ್ಯಾಸಿಸ್ಟ್ ಗುಂಪುಗಳು ಕಾರ್ಮಿಕ ಸಂಘಗಳನ್ನು ಸುಡುತ್ತಿದ್ದಾಗ ಯಾವ ದಿನ, ಯಾವ ಊರು, ಯಾರಿಗೆ ಪೆಟ್ಟು ಎಂದು ಲೆಕ್ಕವಿಟ್ಟು ಅಚ್ಚು ಹಾಕಿಸಿದನು. ದಫ್ತರವನ್ನು ಬಲ್ಲ ವಾಚಕರಿಗೆ ಇದರ ಬೆಲೆಯನ್ನು ಹೇಳಬೇಕಾದುದಿಲ್ಲ.

1924ರ ಮೇ 30ರಂದು ಸಭೆಯ ಗದ್ದಲದ ನಡುವೆಯೇ, ಚುನಾವಣೆಯು ಬಲಾತ್ಕಾರದಿಂದ ನಡೆದುದೆಂದು ವಾದಿಸಿದನು. ಜೂನ್ 10ರಂದು ರೋಮಿನಲ್ಲಿ ಹಾಡುಹಗಲೇ ಅವನನ್ನು ಮೋಟಾರಿನಲ್ಲಿ ಎಳೆದೊಯ್ದು ಕೊಂದರು. ಶವವು ದೊರೆತುದು ಆಗಸ್ಟ್ 16ರಂದು. ಮರುವರ್ಷದ ಜನವರಿಯಲ್ಲಿ ಮುಸೊಲಿನಿಯು ನಡೆದುದೆಲ್ಲಕ್ಕೂ ತಾನೇ ಹೊಣೆಯೆಂದು ಅದೇ ಸಭೆಯಲ್ಲಿ ಸಾರಿದನು. ಕೈ ಹಿಡಿದು ಕೇಳುವವರಿರಲಿಲ್ಲ. 1926ರಲ್ಲಿ ಮೂವರು ಹಂತಕರಿಗೆ ಆರು ವರ್ಷಕ್ಕೂ ಕಡಮೆ ಸಜೆಯಾಯಿತು. ಕ್ಷಮಾದಾನದಿಂದ ಅದೂ ಬೇಗನೆ ತೀರಿತು. ಫ್ಯಾಸಿಸ್ಟ್ ಪ್ರಭುತ್ವವು ಯುದ್ಧದಲ್ಲಿಯೂ ಅಂತಃಕಲಹದಲ್ಲಿಯೂ ಅಳಿದ ಮೇಲೆ, 1947ರ ಮರುವಿಚಾರಣೆಯು ಯಾವಜ್ಜೀವ ಶಿಕ್ಷೆಯನ್ನು ವಿಧಿಸಿ ಮೂವತ್ತು ವರ್ಷಕ್ಕಿಳಿಸಿತು. ಮುಖ್ಯ ಅಪರಾಧಿಯಾದ ದುಮಿನಿಯು ಹತ್ತು ವರ್ಷ ತುಂಬುವ ಮೊದಲೇ ಹೊರಬಂದನು. ಮತ್ತೆಯೊಟ್ಟಿಯ ಪತ್ನಿ ವೇಲಿಯಾ ಆ ತೀರ್ಪನ್ನೂ ಕಾಣದೆ 1938ರಲ್ಲಿಯೇ ತೀರಿಕೊಂಡಿದ್ದಳು.