ಹಾರುವ ಓತಿಯ ಬೆನ್ನು ಹತ್ತಿದ ಕಥೆಗಾರ: ಪೂರ್ಣಚಂದ್ರ ತೇಜಸ್ವಿ



ಹೊಳೆನರಸೀಪುರದ ಮಕ್ಕಳು ದಿನವೂ ನೋಡುವ ಹೇಮಾವತಿ ನದಿ ಎಲ್ಲಿಂದ ಬರುತ್ತದೆ ಗೊತ್ತೇ? ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಜಾವಳಿ ಬಳಿ ಅದು ಹುಟ್ಟುತ್ತದೆ. ಸಕಲೇಶಪುರವನ್ನು ಹಾದು ಗೊರೂರು ಅಣೆಕಟ್ಟೆಗೆ ಬರುತ್ತದೆ. ಅಲ್ಲಿಂದ ಕಾಲುವೆಯಲ್ಲಿ ಚನ್ನರಾಯಪಟ್ಟಣದ ಹೊಲಗಳಿಗೂ ಹೋಗುತ್ತದೆ. ಈ ನದಿ ಹುಟ್ಟುವ ಮೂಡಿಗೆರೆ ಸೀಮೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಕಾಡು ಸುತ್ತುತ್ತಾ ಕಥೆ ಬರೆದ ದೊಡ್ಡ ಲೇಖಕರೊಬ್ಬರಿದ್ದರು. ಅವರೇ ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ಮಲೆನಾಡಿನ ಹುಡುಗ

ತೇಜಸ್ವಿಯವರು ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ರಾಷ್ಟ್ರಕವಿ ಕುವೆಂಪು. ತಾಯಿಯ ಹೆಸರು ಹೇಮಾವತಿ! ಮೈಸೂರಿನಲ್ಲಿ ಓದಿ ಕನ್ನಡ ಎಂ.ಎ. ಪದವಿ ಪಡೆದರು. ಆಗ ಎಂ.ಎ. ಮಾಡಿದವರು ಸಾಮಾನ್ಯವಾಗಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರುತ್ತಿದ್ದರು. ಇವರು ಹಾಗೆ ಮಾಡದೆ ಮೂಡಿಗೆರೆಗೆ ಬಂದು ಕೃಷಿಕರಾದರು. ಮೊದಲ ತೋಟದ ಹೆಸರು 'ಚಿತ್ರಕೂಟ', ನಂತರದ್ದು 'ನಿರುತ್ತರ'.

ಮೀನು ಹಿಡಿಯುವುದು, ಹಕ್ಕಿಗಳ ಫೋಟೋ ತೆಗೆಯುವುದು, ಚಿತ್ರ ಬರೆಯುವುದು ಅವರಿಗೆ ಬಹಳ ಇಷ್ಟ. ಒಂದು ಹಕ್ಕಿಯ ಚಿತ್ರಕ್ಕಾಗಿ ಗಂಟೆಗಟ್ಟಲೆ ಅಲುಗಾಡದೆ ಕಾಯಬೇಕಾಗುತ್ತದೆ. ಈ ತಾಳ್ಮೆಯೇ ಅವರ ಬರವಣಿಗೆಗೂ ಬಂಡವಾಳವಾಯಿತು. ತಂದೆ ಕುವೆಂಪು, ಹೊಸ ಹೊಸ ಪ್ರಯೋಗಗಳಿಗೆ ಹೆಸರಾದ ಶಿವರಾಮ ಕಾರಂತ ಹಾಗೂ ಚಿಂತಕ ರಾಮಮನೋಹರ ಲೋಹಿಯಾ, ಈ ಮೂವರ ಪ್ರಭಾವ ತಮ್ಮ ಮೇಲಿದೆ ಎಂದು ಅವರು ಹೇಳಿಕೊಂಡಿದ್ದಾರೆ.

'ಕರ್ವಾಲೊ' ಎಂಬ ಅಚ್ಚರಿ

1980ರಲ್ಲಿ ಅವರ 'ಕರ್ವಾಲೊ' ಕಾದಂಬರಿ ಹೊರಬಂತು. ಕರ್ವಾಲೊ ಎಂಬುವರು ಇದರಲ್ಲಿ ಬರುವ ವಿಜ್ಞಾನಿ. ಕೋಟ್ಯಂತರ ವರ್ಷಗಳ ಹಿಂದಿನ ಜೀವಿಯೊಂದು, ಅಂದರೆ ಹಾರುವ ಓತಿಯೊಂದು, ಮಲೆನಾಡಿನ ಕಾಡಿನಲ್ಲಿ ಇನ್ನೂ ಬದುಕಿರಬಹುದೆಂದು ಅವರಿಗೆ ಅನ್ನಿಸುತ್ತದೆ. ಅದನ್ನು ಹುಡುಕಿಕೊಂಡು ಒಂದು ತಂಡ ಕಾಡಿಗೆ ಹೊರಡುತ್ತದೆ.

ಈ ತಂಡಕ್ಕೆ ದಾರಿ ತೋರಿಸುವವನು ಯಾರು ಗೊತ್ತೇ? ಮಂದಣ್ಣ ಎಂಬ ಬಡ ಯುವಕ. ಊರಿನವರ ಕಣ್ಣಿಗೆ ಅವನೊಬ್ಬ ಕೆಲಸಕ್ಕೆ ಬಾರದ ಸೋಮಾರಿ. ಆದರೆ ಜೇನುಹುಳುಗಳ ವಿಷಯದಲ್ಲಿ, ಕಾಡಿನ ವಿಷಯದಲ್ಲಿ ಅವನಿಗೆ ತಿಳಿಯದಿದ್ದುದೇ ಇಲ್ಲ. ಹಾರುವ ಓತಿಯನ್ನು ಮೊದಲು ಕಂಡವನೂ ಅವನೇ. ಊರೇ ಗೇಲಿ ಮಾಡುತ್ತಿದ್ದ ಹುಡುಗನಲ್ಲಿ ಕರ್ವಾಲೊ ಅವರು ಒಬ್ಬ ಹುಟ್ಟು ಜೀವವಿಜ್ಞಾನಿಯನ್ನು ಗುರುತಿಸುತ್ತಾರೆ. ದೊಡ್ಡ ಪದವಿ ಪಡೆದವರು ಅವನಿಂದ ಕಲಿಯಲು ನಾಚಿಕೊಳ್ಳುವುದಿಲ್ಲ.

ಕೊನೆಗೆ ಓತಿ ಕಣ್ಣಿಗೆ ಬೀಳುತ್ತದೆ, ಆದರೆ ಕೈಗೆ ಸಿಗುವುದಿಲ್ಲ. ಆಳವಾದ ಕಣಿವೆಯ ಮೇಲೆ ತೇಲಿಹೋಗುತ್ತದೆ. ಎಷ್ಟೋ ಕಷ್ಟಪಟ್ಟು ಹೋದವರು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ವಿಜ್ಞಾನದ ದಾರಿಯಲ್ಲಿ ಇದೂ ಉಂಟು, ಮಕ್ಕಳೇ.

ನಿಜ ಎಷ್ಟು? ಕಲ್ಪನೆ ಎಷ್ಟು?

ಹಾರುವ ಓತಿ ನಿಜವಾಗಿಯೂ ಇದೆ. ಪಶ್ಚಿಮ ಘಟ್ಟದ ಕಾಡು ಮತ್ತು ಅಡಿಕೆ ತೋಟಗಳಲ್ಲಿ ಅದು ವಾಸಿಸುತ್ತದೆ. ಅದರ ಕೆಲವು ಪಕ್ಕೆಲುಬುಗಳು ದೇಹದಿಂದ ಹೊರಕ್ಕೆ ಉದ್ದವಾಗಿ ಚಾಚಿಕೊಂಡಿವೆ. ಅವುಗಳ ಮೇಲೆ ತೆಳುವಾದ ಚರ್ಮವಿದೆ. ಓತಿ ಮರದಿಂದ ನೆಗೆದಾಗ ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಗಳಂತೆ ಬಿಚ್ಚುತ್ತದೆ. ಹಕ್ಕಿಯ ಹಾಗೆ ರೆಕ್ಕೆ ಬಡಿಯುವುದಿಲ್ಲ, ಗಾಳಿಯಲ್ಲಿ ತೇಲಿ ಇನ್ನೊಂದು ಮರಕ್ಕೆ ಇಳಿಯುತ್ತದೆ. ಅದರ ಮುಖ್ಯ ಆಹಾರ ಇರುವೆ. ನಿಮ್ಮ ಬೇಲಿಯ ಮೇಲೆ ತಲೆ ಅಲ್ಲಾಡಿಸುವ ಓತಿಕ್ಯಾತವೂ ಇದೇ ಕುಟುಂಬಕ್ಕೆ ಸೇರಿದ್ದು.

ಹಾಗಾದರೆ ಕಲ್ಪನೆ ಯಾವುದು? ಇಂಥ ಒಂದು ಜೀವಿ ಕೋಟ್ಯಂತರ ವರ್ಷ ಬದಲಾಗದೆ ಕಾಡಿನಲ್ಲಿ ಅಡಗಿ ಉಳಿದಿದೆ ಎಂಬುದು ತೇಜಸ್ವಿಯವರ ಕಲ್ಪನೆ. ಆದರೆ ಅದು ಬುಡವಿಲ್ಲದ ಕಲ್ಪನೆಯಲ್ಲ. ತೇಜಸ್ವಿಯವರು ಹುಟ್ಟಿದ 1938ರಲ್ಲೇ, ದಕ್ಷಿಣ ಆಫ್ರಿಕಾದ ಸಮುದ್ರದಲ್ಲಿ ಮೀನುಗಾರರ ಬಲೆಗೆ ಒಂದು ವಿಚಿತ್ರ ಮೀನು ಬಿತ್ತು. ಮೀನಿನ ರಾಶಿಯಲ್ಲಿ ಅದನ್ನು ಗುರುತಿಸಿದವರು ಒಂದು ಚಿಕ್ಕ ವಸ್ತುಸಂಗ್ರಹಾಲಯದ ಮಾರ್ಜರಿ ಕೋರ್ಟ್ನಿ-ಲ್ಯಾಟಿಮರ್ ಎಂಬ ಯುವತಿ. ಅದು ಸೀಲಕಾಂತ್. ಆ ಜಾತಿ ಸುಮಾರು 6.5 ಕೋಟಿ ವರ್ಷಗಳ ಹಿಂದೆಯೇ ನಾಶವಾಗಿದೆ ಎಂದು ವಿಜ್ಞಾನಿಗಳು ತಿಳಿದಿದ್ದರು! ಅಲ್ಲಿ ಮಾರ್ಜರಿ, ಇಲ್ಲಿ ಮಂದಣ್ಣ: ಇಬ್ಬರೂ ಮಾಡಿದ್ದು ಒಂದೇ ಕೆಲಸ. ಉಳಿದವರು ನೋಡಿಯೂ ನೋಡದೆ ಬಿಟ್ಟದ್ದನ್ನು ಅವರು ಗಮನವಿಟ್ಟು ನೋಡಿದರು.

ಕೊನೆಯವರೆಗೂ ಕುತೂಹಲ

ತೇಜಸ್ವಿಯವರು ಅಲ್ಲಿಗೇ ನಿಲ್ಲಲಿಲ್ಲ. ಏಲಕ್ಕಿ ಬೆಳೆಯ ಅವನತಿಯ ಸುತ್ತ ಹೆಣೆದ ಪತ್ತೇದಾರಿಯಂಥ ಕಾದಂಬರಿ 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಾನವನ ವಿಕಾಸದ ಬಗ್ಗೆ 'ಮಿಸ್ಸಿಂಗ್ ಲಿಂಕ್', ಹಾರುವ ತಟ್ಟೆಗಳ ಬಗ್ಗೆ 'ಫ್ಲೈಯಿಂಗ್ ಸಾಸರ್ಸ್' ಬರೆದರು. 'ಮಿಲೆನಿಯಮ್' ಸರಣಿಯ ಪುಸ್ತಕಗಳಲ್ಲಿ ಪ್ರಪಂಚದ ಕೌತುಕಗಳನ್ನು ಕನ್ನಡದ ಓದುಗರ ಮನೆಗೆ ತಂದರು. ಕನ್ನಡಕ್ಕೆ ಒಳ್ಳೆಯ ಕಂಪ್ಯೂಟರ್ ತಂತ್ರಾಂಶ ಬೇಕೆಂದು ಕೊನೆಯ ವರ್ಷಗಳಲ್ಲಿ ಶ್ರಮಿಸಿದರು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲಿ ನಿಧನರಾದರು. ಆಗ ಅವರಿಗೆ 68 ವರ್ಷ.

ಮಕ್ಕಳೇ, ನಿಮ್ಮ ತರಗತಿಯಲ್ಲೂ ಒಬ್ಬ ಮಂದಣ್ಣ ಇರಬಹುದು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೂ ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆಂದು ಅವನಿಗೆ ಅಥವಾ ಅವಳಿಗೆ ಗೊತ್ತಿರಬಹುದು. ಅಂಥವರನ್ನು ಹಾಸ್ಯ ಮಾಡಬೇಡಿ. ಅವರ ಜೊತೆ ಹೋಗಿ, ನೋಡಿ, ಕಲಿಯಿರಿ.

ನೀವೇ ಮಾಡಿ

ಹಾಸನವಿರಲಿ, ಅರಕಲಗೂಡಿರಲಿ, ನಿಮ್ಮ ಊರಿನ ಬೇಲಿಯಲ್ಲಿ ಒಂದು ಓತಿಕ್ಯಾತವನ್ನು ಗುರುತಿಸಿ. ಕಲ್ಲು ಹೊಡೆಯಬೇಡಿ, ಹಿಡಿಯಬೇಡಿ. ಒಂದು ವಾರ ದಿನವೂ ಹತ್ತು ನಿಮಿಷ ದೂರದಿಂದ ನೋಡಿ.
1. ಅದು ಬಿಸಿಲಿಗೆ ಬರುವುದು ಎಷ್ಟು ಗಂಟೆಗೆ?
2. ಏನನ್ನು ತಿನ್ನುತ್ತದೆ?
3. ಬಣ್ಣ ಬದಲಾಗುವುದು ಯಾವಾಗ?
ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಡಿ. ಕಾಣದ್ದನ್ನು ಊಹಿಸಿ ಬರೆಯಬೇಡಿ. ವಾರದ ಕೊನೆಗೆ ನಿಮ್ಮ ಟಿಪ್ಪಣಿಯನ್ನು ತರಗತಿಯಲ್ಲಿ ಓದಿ ಹೇಳಿ.