ಮಾರ್ಟಿನ್ ಲೂಥರ್

ಧರ್ಮದ ವಿಷಯದಲ್ಲಿ ಕೊನೆಯ ಮಾತು ಯಾರದು? ದೇವರ ವಾಣಿಯೆಂದು ನಂಬಿದ ಗ್ರಂಥದ್ದೋ, ಆ ಗ್ರಂಥವನ್ನು ಕಾಪಾಡಿಕೊಂಡು ಬಂದ ಗುರುಪರಂಪರೆಯದೋ? ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಈ ಪ್ರಶ್ನೆಯು ರಾಜ್ಯಗಳನ್ನೂ ಮನೆಗಳನ್ನೂ ಇಬ್ಭಾಗ ಮಾಡಿತು. ಇದನ್ನು ಎತ್ತಿದವರಲ್ಲಿ ಪ್ರಮುಖನು ಜರ್ಮನಿಯ ಒಬ್ಬ ಸನ್ಯಾಸಿ. ಆತನೇ ಮಾರ್ಟಿನ್ ಲೂಥರ್.

ಲೂಥರನು ೧೪೮೩ರ ನವೆಂಬರ್ ೧೦ರಂದು ಐಸ್ಲೆಬೆನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಹಾನ್ಸ್ ತಾಮ್ರದ ಗಣಿಗಳ ಉದ್ಯಮದಲ್ಲಿ ದುಡಿದು ಮೇಲೆ ಬಂದವನು. ಮಗನು ನ್ಯಾಯವಾದಿಯಾಗಬೇಕೆಂಬುದು ಆತನ ಹಂಬಲ. ಅದರಂತೆ ಲೂಥರನು ಎರ್‌ಫರ್ಟ್ ವಿಶ್ವವಿದ್ಯಾನಿಲಯವನ್ನು ಸೇರಿದನು. ೧೫೦೫ರ ಜುಲೈ ತಿಂಗಳಲ್ಲಿ ಒಂದು ದಿನ ಆತನು ದಾರಿ ನಡೆಯುತ್ತಿದ್ದಾಗ ಬಿರುಗಾಳಿಯೆದ್ದು ಸಮೀಪದಲ್ಲಿಯೇ ಸಿಡಿಲು ಬಡಿಯಿತು. ಪ್ರಾಣಭಯದಿಂದ ನಡುಗಿದ ತರುಣನು, ಬದುಕಿ ಉಳಿದರೆ ಸನ್ಯಾಸಿಯಾಗುವೆನೆಂದು ಹರಕೆ ಹೊತ್ತನು. ಹದಿನೈದು ದಿನಗಳಲ್ಲಿ ಆಗಸ್ಟಿನ್ ಪಂಥದ ಮಠವನ್ನು ಸೇರಿಯೇಬಿಟ್ಟನು. ತಂದೆ ಕಡುಕೋಪಗೊಂಡನು.

ಮಠದಲ್ಲಿ ಲೂಥರನು ಉಪವಾಸ, ಜಾಗರಣೆ, ಪಾಪನಿವೇದನೆಗಳಲ್ಲಿ ದೇಹವನ್ನು ದಂಡಿಸಿದನು. ಆದರೂ ದೇವರು ತನ್ನನ್ನು ಕ್ಷಮಿಸಿರುವನೋ ಇಲ್ಲವೋ ಎಂಬ ಅಳುಕು ಆತನನ್ನು ಬಿಡಲಿಲ್ಲ. ೧೫೧೨ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಬೈಬಲ್ಲಿನ ಅಧ್ಯಾಪಕನಾದನು. ಪಾಠ ಹೇಳಲೆಂದು ಸಂತ ಪೌಲನ ಪತ್ರಗಳನ್ನು ಓದುತ್ತಿದ್ದಂತೆ ಆತನ ಮನಸ್ಸಿಗೆ ಬೆಳಕು ಮೂಡಿತು. ಮನುಷ್ಯನು ತನ್ನ ಪುಣ್ಯಕಾರ್ಯಗಳ ಬಲದಿಂದಲ್ಲ, ದೇವರ ಕೃಪೆಯಲ್ಲಿ ಇಡುವ ನಂಬಿಕೆಯಿಂದಲೇ ನೀತಿವಂತನೆನಿಸುತ್ತಾನೆ ಎಂದು ಆತನು ತಿಳಿದನು.

ಆ ಕಾಲದಲ್ಲಿ ರೋಮಿನ ಸಂತ ಪೇತ್ರನ ದೇವಾಲಯದ ನಿರ್ಮಾಣಕ್ಕೆ ಹಣ ಕೂಡಿಸಲು, ಪಾಪಗಳಿಗೆ ವಿಧಿಸಿದ ದಂಡನೆಯನ್ನು ಕಳೆಯುವ ಕ್ಷಮಾಪತ್ರಗಳನ್ನು ನೀಡಲಾಗುತ್ತಿತ್ತು. ದೈವಾನುಗ್ರಹವು ಸಂತೆಯ ಸರಕಾಗುವುದನ್ನು ಲೂಥರನು ಸಹಿಸಲಿಲ್ಲ. ೧೫೧೭ರ ಅಕ್ಟೋಬರ್ ೩೧ರಂದು ೯೫ ವಾದಸೂತ್ರಗಳನ್ನು ತನ್ನ ಪ್ರಾಂತದ ಆರ್ಚ್‌ಬಿಷಪ್ಪನಿಗೆ ಕಳುಹಿಸಿದನು. ಅಚ್ಚುಕೂಟಗಳ ದೆಸೆಯಿಂದ ಅವು ಕೆಲವೇ ವಾರಗಳಲ್ಲಿ ದೇಶದ ತುಂಬ ಹರಡಿದವು.

ಕ್ಷಮಾಪತ್ರಗಳಿಂದ ಹುಟ್ಟಿದ ವಾದವು ೧೫೧೯ರಲ್ಲಿ ಲೈಪ್‌ಜಿಗ್ ನಗರದ ಚರ್ಚೆಯಲ್ಲಿ ಮೂಲಪ್ರಶ್ನೆಯನ್ನು ಮುಟ್ಟಿತು. ಪ್ರತಿವಾದಿ ಯೋಹಾನ್ ಎಕ್ ಮಹಾಪಂಡಿತ. ಪೋಪರೂ ಧರ್ಮಸಭೆಯ ಮಹಾಸಮ್ಮೇಳನಗಳೂ ತಪ್ಪಬಹುದೆಂದು ಆತನು ಲೂಥರನ ಬಾಯಿಂದಲೇ ಹೇಳಿಸಿದನು. ಹಾಗಾದರೆ ಉಳಿಯುವ ಪ್ರಮಾಣವೇನು? ಪವಿತ್ರ ಗ್ರಂಥವೊಂದೇ ಎಂಬುದು ಲೂಥರನ ನಿಲುವು. ಕ್ಯಾಥೊಲಿಕ್ ವಿದ್ವಾಂಸರ ಉತ್ತರವೂ ಬಲವಾದುದೇ ಆಗಿತ್ತು. ಯಾವ ಪುಸ್ತಕಗಳು ಪವಿತ್ರವೆಂದು ಗುರುತಿಸಿ ಉಳಿಸಿದುದೇ ಧರ್ಮಸಭೆ. ಅದರ ಪರಂಪರೆಯನ್ನು ಬಿಟ್ಟು ಪ್ರತಿಯೊಬ್ಬನೂ ತನಗೆ ತೋಚಿದ ಅರ್ಥವನ್ನು ಹೇಳತೊಡಗಿದರೆ ಒಂದು ಗ್ರಂಥದಿಂದ ನೂರು ಪಂಥಗಳು ಹುಟ್ಟುವುವು ಎಂದು ಅವರು ಎಚ್ಚರಿಸಿದರು.

೧೫೨೧ರ ಜನವರಿಯಲ್ಲಿ ಪೋಪರು ಲೂಥರನನ್ನು ಬಹಿಷ್ಕರಿಸಿದರು. ಏಪ್ರಿಲ್ ತಿಂಗಳಲ್ಲಿ ವರ್ಮ್ಸ್ ನಗರದ ರಾಜಸಭೆಗೆ ಬರುವಂತೆ ಕರೆ ಬಂದಿತು. ಚಕ್ರವರ್ತಿ ಐದನೆಯ ಚಾರ್ಲ್ಸನು ಅಭಯಪತ್ರವನ್ನೇನೋ ಕೊಟ್ಟಿದ್ದನು. ಆದರೆ ನೂರು ವರ್ಷಗಳ ಹಿಂದೆ, ೧೪೧೫ರಲ್ಲಿ, ಅಂತಹುದೇ ಅಭಯವನ್ನು ನಂಬಿ ಹೋದ ಯಾನ್ ಹುಸ್ ಎಂಬ ಸುಧಾರಕನನ್ನು ಜೀವಂತ ಸುಟ್ಟಿದ್ದರು. ಇದನ್ನು ಬಲ್ಲ ಲೂಥರನು ಹೊರಟೇ ಹೊರಟನು. ಸಭೆಯಲ್ಲಿ ಆತನ ಪುಸ್ತಕಗಳನ್ನು ಮುಂದಿಟ್ಟು, ಇವುಗಳಲ್ಲಿ ಬರೆದುದನ್ನು ಹಿಂದೆಗೆದುಕೊಳ್ಳುವೆಯಾ ಎಂದು ಕೇಳಿದರು. ಆತನು ಒಂದು ದಿನದ ಅವಧಿಯನ್ನು ಬೇಡಿದನು. ಮರುದಿನ, ಗ್ರಂಥದ ಆಧಾರದಿಂದಾಗಲಿ ಸ್ಪಷ್ಟವಾದ ಯುಕ್ತಿಯಿಂದಾಗಲಿ ತನ್ನ ತಪ್ಪನ್ನು ತೋರಿಸದ ಹೊರತು ಆತ್ಮಸಾಕ್ಷಿಗೆ ವಿರುದ್ಧವಾಗಿ ನಡೆಯಲಾರೆನೆಂದು ತಿಳಿಸಿದನು. ಚಕ್ರವರ್ತಿಯು ಆತನನ್ನು ರಾಜ್ಯದ ಕಾನೂನಿನ ರಕ್ಷಣೆಗೆ ಹೊರಗಾದವನೆಂದು ಸಾರಿದನು.

ಸ್ಯಾಕ್ಸನಿಯ ಅರಸನಾದ ಫ್ರೆಡರಿಕನು ಲೂಥರನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿಸಿ ಕಾಪಾಡಿದನು. ಗಡ್ಡ ಬೆಳೆಸಿ, ಹೆಸರು ಮರೆಸಿ ಬಾಳಿದ ಆ ದಿನಗಳಲ್ಲಿಯೇ ಆತನು ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಜರ್ಮನ್ ಭಾಷೆಗೆ ಸುಮಾರು ಹನ್ನೊಂದು ವಾರಗಳಲ್ಲಿ ಅನುವಾದಿಸಿದನು. ಜರ್ಮನ್ ಬೈಬಲ್ಲುಗಳು ಮೊದಲೂ ಇದ್ದವು; ಆದರೆ ಅವು ಲ್ಯಾಟಿನ್ನಿನಿಂದ ಬಂದ ತೊಡಕಿನ ಅನುವಾದಗಳು. ಲೂಥರನ ಮಾತು ಮನೆಯ ತಾಯಂದಿರೂ ಸಂತೆಯ ಜನರೂ ಆಡುವ ಮಾತಾಗಿತ್ತು. ಆ ಅನುವಾದವು ೧೫೨೨ರಲ್ಲಿಯೂ, ಗೆಳೆಯರ ನೆರವಿನಿಂದ ಸಿದ್ಧವಾದ ಇಡೀ ಬೈಬಲ್ಲು ೧೫೩೪ರಲ್ಲಿಯೂ ಪ್ರಕಟವಾದವು. ಜರ್ಮನ್ ಸಾಹಿತ್ಯಭಾಷೆಗೆ ಅದು ಭದ್ರವಾದ ತಳಹದಿಯಾಯಿತು.

ಆದರೆ ವಿರೋಧಿಗಳ ಎಚ್ಚರಿಕೆಯೂ ಸುಳ್ಳಾಗಲಿಲ್ಲ. ೧೫೨೯ರಲ್ಲಿ ಮಾರ್‌ಬರ್ಗ್ ನಗರದಲ್ಲಿ ಲೂಥರನೂ ಸ್ವಿಸ್ ಸುಧಾರಕ ಜ್ವಿಂಗ್ಲಿಯೂ ಸಂಧಿಸಿದರು. ಇಬ್ಬರಿಗೂ ಗ್ರಂಥವೇ ಪ್ರಮಾಣ. ಆದರೂ ಪ್ರಭುಭೋಜನದ ಕುರಿತ ಕ್ರಿಸ್ತನ ಒಂದು ವಾಕ್ಯದ ಅರ್ಥದಲ್ಲಿ ಒಮ್ಮತ ಮೂಡದೆ ಅಗಲಿದರು. ಲೂಥರನ ಬಾಳಿನಲ್ಲಿ ಕಳಂಕಗಳೂ ಇದ್ದವು. ೧೫೨೫ರಲ್ಲಿ ದಂಗೆಯೆದ್ದ ರೈತರನ್ನು ನಿರ್ದಯವಾಗಿ ಅಡಗಿಸಬೇಕೆಂದು ಬರೆದನು. ೧೫೪೩ರಲ್ಲಿ ಯೆಹೂದ್ಯರ ಮೇಲೆ ವಿಷ ಕಾರಿದನು. ಆತ್ಮಸಾಕ್ಷಿಯ ಹಕ್ಕನ್ನು ತನಗಾಗಿ ಬೇಡಿದವನು ಅದನ್ನು ಇತರರಿಗೆ ಸಲ್ಲಿಸಲು ಹಿಂಜರಿದನು.

೧೫೪೬ರ ಫೆಬ್ರವರಿ ೧೮ರಂದು, ಹುಟ್ಟಿದೂರಿನಲ್ಲಿಯೇ ಲೂಥರನು ಕಣ್ಮುಚ್ಚಿದನು. ಎರಡು ತಿಂಗಳೊಳಗೆ ಟ್ರೆಂಟ್ ಮಹಾಸಮ್ಮೇಳನವು, ಗ್ರಂಥಕ್ಕೂ ಅಪೊಸ್ತಲರಿಂದ ಬಂದ ಪರಂಪರೆಗೂ ಸಮಾನ ಗೌರವ ಸಲ್ಲಬೇಕೆಂದು ನಿರ್ಣಯಿಸಿತು. ಮುಂದೆ ಶತಮಾನಗಳ ಕಾಲ ಎರಡು ಪಕ್ಷಗಳೂ ಬೇರೆಯಾಗಿಯೇ ನಡೆದವು. ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನವು ಗ್ರಂಥವೂ ಪರಂಪರೆಯೂ ಒಂದೇ ಒರತೆಯಿಂದ ಹರಿದುವೆಂದು ವಿವರಿಸಿ, ಎಲ್ಲ ಭಕ್ತರೂ ಬೈಬಲ್ಲನ್ನು ಓದಬೇಕೆಂದು ಕರೆಯಿತ್ತಿತು. ೧೯೯೯ರಲ್ಲಿ ಉಭಯರೂ ಕೃಪೆಯ ತತ್ತ್ವವನ್ನು ಕುರಿತು ಒಪ್ಪಂದಕ್ಕೆ ಸಹಿ ಹಾಕಿದರು. ಪ್ರಮಾಣದ ಪ್ರಶ್ನೆ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಜನರ ನುಡಿಯಲ್ಲಿಯೇ ಗ್ರಂಥವಿರಬೇಕೆಂಬ ಆ ನಂಬಿಕೆ ನಮ್ಮ ನಾಡಿಗೂ ಬಂದಿತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡವನ್ನು ಶ್ರದ್ಧೆಯಿಂದ ಕಲಿತರು. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ ನಿಘಂಟು ಆ ಶ್ರದ್ಧೆಯ ಫಲ. ವಿಟೆನ್‌ಬರ್ಗಿನಲ್ಲಿ ಹೊತ್ತಿಸಿದ ದೀಪದ ಒಂದು ಕಿರಣವು ಹೀಗೆ ಕನ್ನಡದ ಅಂಗಳವನ್ನೂ ಮುಟ್ಟಿತು.