ಹುಲ್ಲಿನೊಳಗಿನ ಹಳಿ: ಟಾಮ್ ರೋಲ್ಟ್ ಕಥೆ

ಫಸ್ಟ್ ಸೆಮ್ ವರ್ಕ್‌ಶಾಪ್ ಲ್ಯಾಬ್ ನೆನಪಿದೆಯಲ್ಲ? ಅಂಗೈಯಗಲದ ಕಬ್ಬಿಣದ ತುಂಡನ್ನು ವೈಸ್‌ನಲ್ಲಿ ಬಿಗಿದು, ಮೂರು ಗಂಟೆ ಫೈಲ್ ಹಾಕಿ ಉಜ್ಜಿ, ಕೊನೆಗೆ ಟ್ರೈ ಸ್ಕ್ವೇರ್ ಇಟ್ಟು ನೋಡಿದರೆ ಕೆಳಗಿಂದ ಬೆಳಕು ಇಣುಕುತ್ತಿತ್ತು. ಕಂಪ್ಯೂಟರ್ ಸೈನ್ಸ್‌ನವರಿಗೂ ಇದು ಯಾಕಪ್ಪಾ ಅಂತ ನಾವೆಲ್ಲ ಗೊಣಗಿದ್ದೂ ಆಯಿತು. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಅದೇ ಕೆಲಸದಿಂದ ಬದುಕು ಶುರು ಮಾಡಿದ ಒಬ್ಬ ಇಂಗ್ಲಿಷ್ ಮೆಕ್ಯಾನಿಕಲ್ ಎಂಜಿನಿಯರ್ ಬಗ್ಗೆ. ಅವರು ಹೊಸ ಯಂತ್ರ ಕಂಡುಹಿಡಿದು ಹೆಸರು ಮಾಡಿದವರಲ್ಲ. ಸಾಯುತ್ತಿದ್ದ ಹಳೇ ರೈಲೊಂದನ್ನು, ಸಂಬಳ ಕೇಳದ ಜನರನ್ನು ಕಟ್ಟಿಕೊಂಡು ಓಡಿಸಿಬಿಟ್ಟವರು.

ಪೂರ್ತಿ ಹೆಸರು ಲಯನೆಲ್ ಥಾಮಸ್ ಕ್ಯಾಸ್ವಾಲ್ ರೋಲ್ಟ್. ಪುಸ್ತಕಗಳ ಮೇಲೆ ಎಲ್.ಟಿ.ಸಿ. ರೋಲ್ಟ್, ಗೆಳೆಯರಿಗೆ ಟಾಮ್. ಹುಟ್ಟಿದ್ದು 1910ರ ಫೆಬ್ರವರಿ 11ರಂದು, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ. ಅಪ್ಪ ಊರೂರು ಅಲೆದ ಮನುಷ್ಯ: ಆಸ್ಟ್ರೇಲಿಯಾದಲ್ಲಿ ದನ ಮೇಯಿಸುವ ಎಸ್ಟೇಟ್, ನಮ್ಮ ಇಂಡಿಯಾದಲ್ಲಿ ಒಂದು ಪ್ಲಾಂಟೇಶನ್, ಆಮೇಲೆ ಕ್ಲಾಂಡೈಕ್‌ನಲ್ಲಿ ಚಿನ್ನ ಹುಡುಕಾಟ. ಚಿನ್ನವೇನೂ ಸಿಗಲಿಲ್ಲ. ಕೂಡಿಟ್ಟ ಹಣದ ಬಹುಪಾಲೂ ತಪ್ಪು ಜಾಗದಲ್ಲಿ ಹೂಡಿ ಹೋಯಿತು. ಹುಡುಗ ಚೆಲ್ಟನ್‌ಹ್ಯಾಮ್‌ನಲ್ಲಿ ಓದಿದ, ಆದರೆ ಓದು ಹಿಡಿಸಲಿಲ್ಲ. ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟು ಹಬೆ ಎಂಜಿನ್‌ನಿಂದ ಹೊಲ ಉಳುವ ಒಂದು ಕಂಪನಿ ಸೇರಿದ. ಅಲ್ಲಿಂದ ಸ್ಟೋಕ್ ಆನ್ ಟ್ರೆಂಟ್‌ನ ಕರ್ ಸ್ಟುವರ್ಟ್ ಎಂಬ ಲೋಕೋಮೋಟಿವ್ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋದ. ಚಿಕ್ಕಪ್ಪ ಕೈಲ್ ವಿಲನ್ಸ್ ಅಲ್ಲೇ ದೊಡ್ಡ ಎಂಜಿನಿಯರ್ ಆಗಿದ್ದರು. ಈ ಕಾರ್ಖಾನೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1930ರಲ್ಲಿ ಕರ್ ಸ್ಟುವರ್ಟ್ ದಿವಾಳಿಯಾಯಿತು. ಕೆಲಸ ಕಲಿತು ಹೊರಬರುವ ಹೊತ್ತಿಗೆ ಕಾರ್ಖಾನೆಯೇ ಇಲ್ಲ, ಹೊರಗೆ ಜಗತ್ತಿನಲ್ಲೆಲ್ಲ ಆರ್ಥಿಕ ಕುಸಿತ. ಪ್ಲೇಸ್‌ಮೆಂಟ್ ಸೀಸನ್ ಕೆಟ್ಟಿದ್ದನ್ನು ನೋಡಿದವರಿಗೆ ಆ ಇಪ್ಪತ್ತರ ಹುಡುಗನ ಸ್ಥಿತಿಯನ್ನು ನಾವು ಬಿಡಿಸಿ ಹೇಳಬೇಕಿಲ್ಲ. ರೋಲ್ಟ್ ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಗೆಳೆಯರ ಜೊತೆ ಹ್ಯಾಂಪ್‌ಶೈರ್‌ನಲ್ಲಿ ಒಂದು ಗ್ಯಾರೇಜ್ ನಡೆಸಿದರು. ಹಳೇ ಕಾರುಗಳ ಹುಚ್ಚು ಹತ್ತಿದ್ದು ಅಲ್ಲೇ. 1934ರಲ್ಲಿ ಶುರುವಾದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್‌ನ ಆರಂಭದ ಗುಂಪಿನಲ್ಲಿ ಅವರಿದ್ದರು.

ಅವರಿಗೆ ಮೊದಲು ಹೆಸರು ತಂದಿದ್ದು ಮಾತ್ರ ದೋಣಿ. ಚಿಕ್ಕಪ್ಪನ ಹತ್ತಿರ ಕ್ರೆಸ್ಸಿ ಎಂಬ ಮರದ ದೋಣಿಯಿತ್ತು. ಇಂಗ್ಲೆಂಡಿನ ಇಕ್ಕಟ್ಟಿನ ಕಾಲುವೆಗಳಲ್ಲಿ ಸರಕು ಸಾಗಿಸಲು ಕಟ್ಟಿದ ಉದ್ದನೆಯ ದೋಣಿ. ರೋಲ್ಟ್ ಅದನ್ನು ಕೊಂಡು ಮನೆಯಾಗಿ ಬದಲಾಯಿಸಿ, 1939ರಲ್ಲಿ ಹೊಸ ಹೆಂಡತಿ ಆಂಜೆಲಾ ಜೊತೆ ಕಾಲುವೆ ಪ್ರಯಾಣ ಹೊರಟರು. ಅಷ್ಟರಲ್ಲಿ ಯುದ್ಧ ಬಂತು. ಕೆಲ ದಿನ ಕ್ರೂ ಊರಿನ ರೋಲ್ಸ್ ರಾಯ್ಸ್ ಕಾರ್ಖಾನೆಯಲ್ಲಿ, ಯುದ್ಧವಿಮಾನದ ಮರ್ಲಿನ್ ಎಂಜಿನ್ ತಯಾರಾಗುತ್ತಿದ್ದ ಕಡೆ ದುಡಿದರು. ಆ ದೈತ್ಯ ಕಾರ್ಖಾನೆಯ ಗಂಟೆ, ಸೈರನ್, ಒಂದೇ ಕೆಲಸದ ಪುನರಾವರ್ತನೆ ಅವರಿಗೆ ಒಗ್ಗಲಿಲ್ಲ. ಯಂತ್ರವನ್ನು ಪ್ರೀತಿಸುವ ಮನುಷ್ಯ ಕಾರ್ಖಾನೆಯನ್ನು ಸಹಿಸಲಾರ ಅನ್ನೋದು ವಿಚಿತ್ರ ಅನಿಸಬಹುದು. ಆದರೆ ಅವರ ಬದುಕಿನುದ್ದಕ್ಕೂ ಇದೇ ತಿಕ್ಕಾಟ ನಡೆದೇ ಇತ್ತು.

ಆ ಪ್ರಯಾಣದ ಪುಸ್ತಕ 1944ರ ಕೊನೆಗೆ ಪ್ರಕಟವಾಗಿ ಜನಪ್ರಿಯವಾಯಿತು. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಎಂಬ ಲೇಖಕರ ಜೊತೆ ಸೇರಿ, ಪಾಳುಬೀಳುತ್ತಿದ್ದ ಕಾಲುವೆಗಳನ್ನು ಉಳಿಸಲು 1946ರಲ್ಲಿ ಒಂದು ಸಂಘ ಕಟ್ಟಿದರು. ಅವರ ಹೋರಾಟದ ರೀತಿ ನಮಗೆ ಬಹಳ ಹಿಡಿಸಿತು. ಬರ್ಮಿಂಗ್‌ಹ್ಯಾಮ್ ಬಳಿ ಕಾಲುವೆಯ ಮೇಲಿನ ಎತ್ತುವ ಸೇತುವೆ ಕೆಟ್ಟು, ಎತ್ತಲಾಗದ ಸ್ಥಿತಿಯಲ್ಲಿತ್ತು. ಕಾಲುವೆಯ ಒಡೆತನ ರೈಲ್ವೆ ಕಂಪನಿಯದು. ಕಾನೂನಿನ ಪ್ರಕಾರ ದೋಣಿ ಬಂದರೆ ದಾರಿ ಬಿಡಲೇಬೇಕು. ರೋಲ್ಟ್ ನಾವು ಇಂಥ ದಿನ ಬರ್ತೀವಿ ಅಂತ ಮುಂಚೆಯೇ ನೋಟಿಸ್ ಕೊಟ್ಟು 1947ರಲ್ಲಿ ಕ್ರೆಸ್ಸಿಯನ್ನು ತಂದು ನಿಲ್ಲಿಸಿದರು. ಕಂಪನಿಯವರು ಆಳುಗಳನ್ನು ಕಳಿಸಿ, ಜ್ಯಾಕ್ ಹಾಕಿ ಸೇತುವೆ ಎತ್ತಬೇಕಾಯಿತು.

ಆದರೆ ಸಂಘದೊಳಗೆ ಜಗಳ ಬೆಳೆಯಿತು. ಐಕ್‌ಮನ್‌ಗೆ ದೇಶದ ಎಲ್ಲಾ ಕಾಲುವೆಗಳೂ ಬೇಕು. ಇನ್ನೂ ಸರಕು ಸಾಗಿಸಿ ಬದುಕುತ್ತಿರುವ ದೋಣಿಯವರ ಹೊಟ್ಟೆಪಾಡು ಮೊದಲು ಅನ್ನೋದು ರೋಲ್ಟ್ ವಾದ. 1951ರ ಆರಂಭದಲ್ಲಿ, ತಾವೇ ಕಟ್ಟಿದ ಸಂಘದಿಂದ ರೋಲ್ಟ್ ಉಚ್ಚಾಟಿತರಾದರು. ಅದೇ ವರ್ಷ ಆಂಜೆಲಾ ಜೊತೆಗಿನ ದಾಂಪತ್ಯವೂ ಮುರಿಯಿತು, ಆಕೆ ಸರ್ಕಸ್ ಕಂಪನಿ ಸೇರಿ ಹೊರಟರು. ಕ್ರೆಸ್ಸಿಯ ಮರವೂ ಲಡ್ಡಾಗಿತ್ತು. ಸಂಘ, ಹೆಂಡತಿ, ಮನೆ ಮೂರೂ ಒಂದೇ ವರ್ಷದಲ್ಲಿ ಹೋದವು. ರೈಲಿನ ಕಥೆ ನಡೆದದ್ದೂ ಅದೇ ವರ್ಷ.

ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿ ಟವಿನ್ ಎಂಬ ಸಣ್ಣ ಊರು. ಅಲ್ಲಿಂದ ಬೆಟ್ಟದ ಕಡೆಗೆ ಸುಮಾರು ಏಳು ಮೈಲಿಯ ತಾಲಿಲ್ಲಿನ್ ರೈಲ್ವೆ. (ವೇಲ್ಸ್ ಹೆಸರುಗಳನ್ನು ಓದುವಾಗ ನಮ್ಮ ನಾಲಿಗೆಯೂ ಹಳಿ ತಪ್ಪಿದೆ, ಕ್ಷಮಿಸಿ.) ಬ್ರಿನ್ ಎಗ್ಲುಯಿಸ್ ಕ್ವಾರಿಯಿಂದ ಮಾಡಿಗೆ ಹೊದಿಸುವ ಸ್ಲೇಟ್ ಕಲ್ಲನ್ನು ಇಳಿಸಿ ತರಲು 1860ರ ದಶಕದಲ್ಲಿ ಹಾಕಿದ್ದು. ಗೇಜ್ ಬರೀ 2 ಅಡಿ 3 ಇಂಚು. ನಮ್ಮ ಬ್ರಾಡ್ ಗೇಜ್ 5 ಅಡಿ 6 ಇಂಚು ಅಂದರೆ ಅಂದಾಜು ಸಿಗುತ್ತೆ. ಎಂಜಿನ್ ಎರಡೇ, ತಾಲಿಲ್ಲಿನ್ ಮತ್ತು ಡೋಲ್ಗೋಖ್. ಪ್ರಯಾಣಿಕರ ಡಬ್ಬಿ ನಾಲ್ಕು, ಬ್ರೇಕ್ ವ್ಯಾನ್ ಒಂದು. ನಡುವಿನ ನಿಲ್ದಾಣಗಳಲ್ಲಿ ಟಿಕೆಟ್ ಕೊಡಲು ಜನರಿಲ್ಲದ್ದಕ್ಕೆ ಆ ಬ್ರೇಕ್ ವ್ಯಾನ್‌ಗೇ ಒಂದು ಕಿಟಕಿ ಕೊರೆದು, ಗಾರ್ಡೇ ಟಿಕೆಟ್ ಹರಿದು ಕೊಡುವ ಏರ್ಪಾಡು!

ಇನ್ನೊಂದು ತಮಾಷೆ. 1866ರಲ್ಲಿ ಸರ್ಕಾರದ ಇನ್ಸ್‌ಪೆಕ್ಟರ್ ಕ್ಯಾಪ್ಟನ್ ಟೈಲರ್ ಬಂದು ಅಳೆದಾಗ, ದಾರಿಯ ಸೇತುವೆಗಳ ಒಳಅಗಲ 9 ಅಡಿ 1 ಇಂಚು ಮಾತ್ರ ಅಂತ ಗೊತ್ತಾಯಿತು. ಡಬ್ಬಿಗೂ ಗೋಡೆಗೂ ನಡುವೆ ಎರಡಡಿಯೂ ಉಳಿಯುತ್ತಿರಲಿಲ್ಲ. ಸೇತುವೆ ಒಡೆದು ಕಟ್ಟಲು ದುಡ್ಡಿಲ್ಲ. ಹಾಗಾಗಿ ಡಬ್ಬಿಗಳ ಒಂದು ಬದಿಯ ಬಾಗಿಲುಗಳನ್ನು ಕಾಯಂ ಮುಚ್ಚಿಸಿ, ಸೇತುವೆ ಕೆಳಗೆ ಹಳಿಯನ್ನೇ ಒಂದು ಪಕ್ಕಕ್ಕೆ ಸರಿಸಿದರು. ಇಂದಿಗೂ ಆ ಡಬ್ಬಿಗಳಲ್ಲಿ ಒಂದೇ ಬದಿಯಿಂದ ಹತ್ತಿ ಇಳಿಯಬೇಕು.

ಮಾಲೀಕರಾದ ಸರ್ ಹೆನ್ರಿ ಹೇಡನ್ ಜೋನ್ಸ್ 1911ರಲ್ಲಿ ಕ್ವಾರಿ, ರೈಲು ಎರಡನ್ನೂ ಕೊಂಡಿದ್ದರು. 1946ರ ಕೊನೆಗೆ ಕ್ವಾರಿ ಕುಸಿದು ಮುಚ್ಚಿತು. ತಾನು ಬದುಕಿರುವವರೆಗೆ ರೈಲು ಓಡುತ್ತದೆ ಅಂತ ಆ ಮುದುಕರು ಮಾತು ಕೊಟ್ಟು, ನಷ್ಟದಲ್ಲೇ ಓಡಿಸಿದರು. 1950ರ ಜುಲೈನಲ್ಲಿ ತೀರಿಕೊಂಡರು.

ರೋಲ್ಟ್‌ಗೆ ಈ ಸಾಲಿನ ಮೇಲೆ ಮೊದಲೇ ಕಣ್ಣಿತ್ತು. 1948ರಲ್ಲಿ ಸರ್ಕಾರ ದೇಶದ ರೈಲುಗಳನ್ನೆಲ್ಲ ವಶಕ್ಕೆ ತೆಗೆದುಕೊಂಡಾಗಲೂ ಈ ಪುಟ್ಟ ರೈಲು ಪಟ್ಟಿಯ ಹೊರಗೇ ಉಳಿದಿತ್ತು. 1949ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪತ್ರಿಕೆಯೊಂದಕ್ಕೆ ಇದನ್ನು ಉಳಿಸಬೇಕೆಂದು ಪತ್ರ ಬರೆದಿದ್ದರು. ಈಗ ಬ್ಯಾನ್‌ಬರಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಗೆಳೆಯ ಬಿಲ್ ಟ್ರಿಂಡರ್ ಮುಂತಾದವರ ಜೊತೆ 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮ್‌ನ ಇಂಪೀರಿಯಲ್ ಹೋಟೆಲ್‌ನಲ್ಲಿ ಸಭೆ ಕರೆದರು. ರೈಲ್ವೆಯನ್ನು ಹವ್ಯಾಸಿಗಳು ನಡೆಸುವುದು ಅಂದರೆ ಆಗ ಹುಚ್ಚು ಮಾತು. ಜಗತ್ತಿನಲ್ಲಿ ಎಲ್ಲೂ ಮಾಡಿದ ಉದಾಹರಣೆ ಇರಲಿಲ್ಲ. ಸರ್ ಹೇಡನ್‌ರ ಹೆಂಡತಿ ಒಪ್ಪಿ ಶೇರುಗಳನ್ನು ಬಿಟ್ಟುಕೊಟ್ಟರು. 1951ರ ಮೇ 14ರಂದು ಸ್ವಯಂಸೇವಕರ ಮೊದಲ ರೈಲು ಹೊರಟಿತು. ರೋಲ್ಟ್ ಅದರ ಮ್ಯಾನೇಜರ್.

ಹೊರಟಿತು ಅಂತ ಒಂದು ವಾಕ್ಯದಲ್ಲಿ ಬರೆದುಬಿಟ್ಟೆವು. ನಿಜ ಸ್ಥಿತಿ ಹೀಗಿತ್ತು: ಎರಡು ಎಂಜಿನ್‌ಗಳಲ್ಲಿ ತಾಲಿಲ್ಲಿನ್ ಕೆಟ್ಟು ಮೂಲೆ ಸೇರಿತ್ತು. ಉಳಿದ ಡೋಲ್ಗೋಖ್‌ಗೆ ಎಂಬತ್ತೈದರ ಪ್ರಾಯ. ಹಳಿ ಮೊದಲ ದಿನ ಹಾಕಿದ್ದೇ ಬಹುಪಾಲು ಉಳಿದಿತ್ತು. ಸ್ಲೀಪರ್‌ಗಳು ಕೊಳೆತು ಪುಡಿಯಾಗಿದ್ದವು. ಹಳಿಗಳನ್ನು ಅಗಲವಾಗದಂತೆ ಹಿಡಿದಿಟ್ಟಿದ್ದು ಬಹುಮಟ್ಟಿಗೆ ಮೇಲೆ ಬೆಳೆದಿದ್ದ ಹುಲ್ಲು ಮತ್ತು ಮಣ್ಣು. ಹುಲ್ಲು ಕಿತ್ತು ಚೊಕ್ಕಟ ಮಾಡಲು ಹೋದರೆ ಗೇಜೇ ಕೈಬಿಡುವ ಭಯ!

ಎಂಜಿನ್ ಬೇಕೇ ಬೇಕು, ಆದರೆ ಈ ವಿಚಿತ್ರ ಗೇಜ್‌ನದು ಎಲ್ಲಿ ಸಿಗಬೇಕು? ಪಕ್ಕದ ಕಣಿವೆಯ ಕೋರಿಸ್ ರೈಲ್ವೆಯದೂ ಅದೇ ಗೇಜ್. 1948ರಲ್ಲಿ ಮುಚ್ಚಿಹೋದ ಅದರ ಎರಡು ಎಂಜಿನ್‌ಗಳು ಹೊದಿಕೆ ಹೊದ್ದು ನಿಂತಿದ್ದವು. ಒಂದಕ್ಕೆ 25 ಪೌಂಡ್‌ನಂತೆ ಕೊಂಡರು. ಜೊತೆಗೆ ಒಂದಷ್ಟು ವ್ಯಾಗನ್, ಒಂದು ಬ್ರೇಕ್ ವ್ಯಾನ್ ಬಂದವು. ಮೂರನೇ ನಂಬರಿನ ಎಂಜಿನ್ನನ್ನು ಹಳಿ ಮೇಲಿಟ್ಟು ಓಡಿಸಿದರೆ ಕೆಳಗಿಳಿದು ಕೂತಿತು. ತಾಲಿಲ್ಲಿನ್‌ನ ಸ್ವಂತ ಎಂಜಿನ್‌ಗಳ ಚಕ್ರದ ಪಟ್ಟಿ ಅಗಲ. ಹಳಿ ಸ್ವಲ್ಪ ದೂರವಾದರೂ ತಡೆದುಕೊಳ್ಳುತ್ತಿದ್ದವು. ಇದರದು ಕಿರಿದು, ಹಳಿ ಅಗಲವಾದಲ್ಲೆಲ್ಲ ನಡುವೆ ಬೀಳುತ್ತಿತ್ತು. ಟಾಲರೆನ್ಸ್ ಅಂದರೇನು ಅಂತ ವೈವಾದಲ್ಲಿ ತಡವರಿಸುವವರು ಈ ಎಂಜಿನ್ನನ್ನು ನೆನೆಸಿಕೊಳ್ಳಬಹುದು.

ನಾಲ್ಕನೇ ನಂಬರಿನದು? ಅದನ್ನು 1921ರಲ್ಲಿ ಕಟ್ಟಿದ್ದು ಸ್ಟೋಕ್‌ನ ಅದೇ ಕರ್ ಸ್ಟುವರ್ಟ್! ಕಾರ್ಖಾನೆ ಮುಚ್ಚಿದ ಮೇಲೆ ಅದರ ವಿನ್ಯಾಸಗಳು ಲೀಡ್ಸ್‌ನ ಹನ್ಸ್‌ಲೆಟ್ ಕಂಪನಿಗೆ ಹೋಗಿದ್ದವು. ಹನ್ಸ್‌ಲೆಟ್ ಮುಖ್ಯಸ್ಥ ಜಾನ್ ಆಲ್ಕಾಕ್ ಅದನ್ನು ಪುಕ್ಕಟೆ ರಿಪೇರಿ ಮಾಡಿಸಿಕೊಟ್ಟರು. 1952ರಲ್ಲಿ ಅದು ಓಡತೊಡಗಿದ ಮೇಲೆಯೇ ಮುದಿ ಡೋಲ್ಗೋಖ್‌ಗೆ ಸ್ವಲ್ಪ ಉಸಿರು ಸಿಕ್ಕಿದ್ದು.

ಉಳಿದಿದ್ದೆಲ್ಲ ಮೈಮುರಿಯುವ ಕೆಲಸ. ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಬಂದವರು ಸ್ಲೀಪರ್ ಬದಲಿಸಬೇಕು, ಚರಂಡಿ ತೋಡಬೇಕು, ಪೊದೆ ಕಡಿಯಬೇಕು. ಬರುವವರಿಗೆಲ್ಲ ಎಂಜಿನ್ ಮೇಲೆ ನಿಲ್ಲುವ ಆಸೆ ಇರುವುದು ಸಹಜ. ನಮ್ಮ ಫೆಸ್ಟ್‌ಗಳಲ್ಲಿ ಸ್ಟೇಜ್ ಮೇಲೆ ಮೈಕ್ ಹಿಡಿಯಲು ಇರುವಷ್ಟು ಜನ ಕುರ್ಚಿ ಹೊರಲು ಇರ್ತಾರಾ? ಹಳೇ ಮರದ ವ್ಯಾಗನ್ ರಿಪೇರಿಯಂತೂ ಇನ್ನೂ ತಾಳ್ಮೆಯದು. ಹಲಗೆ ಬಿಚ್ಚಿದರೆ ಒಳಗಿನ ತೊಲೆಯೂ ಲಡ್ಡು. ಬೋಲ್ಟ್ ತುಕ್ಕು ಹಿಡಿದು ತಿರುಗಲ್ಲ, ಕತ್ತರಿಸಿಯೇ ತೆಗೆಯಬೇಕು. ಚಕ್ರ, ಅಚ್ಚು, ಕಬ್ಬಿಣದ ಪಟ್ಟಿಗಳನ್ನು ಉಳಿಸಿಕೊಂಡು ಹಳೇ ಹಲಗೆಯ ಅಳತೆಗೇ ಹೊಸ ಮರ ಕೊಯ್ದು ಕೂರಿಸಬೇಕು. ಎಲ್ಲ ಮುಗಿದ ಮೇಲೆ ಅದು ಹಳೇ ವ್ಯಾಗನ್ನೋ ಹೊಸತೋ ಅಂತ ಹಾಸ್ಟೆಲ್‌ನಲ್ಲಿ ರಾತ್ರಿಯಿಡೀ ವಾದ ಮಾಡಬಹುದು. ತಾಲಿಲ್ಲಿನ್‌ನವರಿಗೆ ಅದಕ್ಕೆ ಪುರುಸೊತ್ತಿರಲಿಲ್ಲ, ಬೆಳಗ್ಗೆ ಅದರಲ್ಲೇ ಜಲ್ಲಿ ತುಂಬಬೇಕಿತ್ತು.

ಹೀಗೆ ಬಂದವರಲ್ಲಿ ಪಾದ್ರಿ ವಿಲ್ಬರ್ಟ್ ಆಡ್ರಿ ಒಬ್ಬರು. ಚಿಕ್ಕಂದಿನಲ್ಲಿ ನಾವೆಲ್ಲ ಟೀವಿಯಲ್ಲಿ ನೋಡಿದ ಥಾಮಸ್ ಎಂಜಿನ್ ಕಥೆಗಳನ್ನು ಬರೆದವರು. 1952ರಲ್ಲಿ ಇಲ್ಲಿ ಗಾರ್ಡ್ ಆಗಿ ಕೆಲಸ ಮಾಡುವಾಗ, ತಿಂಡಿ ಮಾರುವ ಹೆಂಗಸನ್ನು ನಿಲ್ದಾಣದಲ್ಲೇ ಮರೆತು ರೈಲು ಬಿಡಿಸಿಬಿಟ್ಟರು. ಆ ಎಡವಟ್ಟನ್ನೂ ಆಮೇಲೆ ಕಥೆ ಮಾಡಿದರು. ಇಡೀ ತಾಲಿಲ್ಲಿನ್ ಬೇರೆ ಹೆಸರಲ್ಲಿ ಅವರ ಪುಸ್ತಕಗಳೊಳಗಿದೆ.

ರೋಲ್ಟ್ ಮ್ಯಾನೇಜರ್ ಆಗಿದ್ದು 1951 ಮತ್ತು 1952, ಎರಡೇ ಸೀಸನ್. ಆಮೇಲೆ ಬಿಟ್ಟರು. ಅವರು ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೇನೋ ಅಂತ ಮೊದಲು ನಮಗೂ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಕಾಲುವೆ ಸಂಘದಲ್ಲಿ ಇಬ್ಬರು ಗಟ್ಟಿ ಮನುಷ್ಯರು ಹಿಡಿತಕ್ಕೆ ಗುದ್ದಾಡಿದ್ದರು. ಇಲ್ಲಿ ರೋಲ್ಟ್ ಬೀಗದಕೈ ಬೇರೆಯವರಿಗೆ ಕೊಟ್ಟು ನಡೆದರು, ರೈಲು ಓಡುತ್ತಲೇ ಇತ್ತು. ಕೆಟ್ಟು ಕೂತಿದ್ದ ತಾಲಿಲ್ಲಿನ್ ಎಂಜಿನ್ 1958ರಲ್ಲಿ ಮತ್ತೆ ಹಳಿಗೆ ಬಂದಾಗ ಅವರು ಮ್ಯಾನೇಜರ್ ಅಲ್ಲ.

ಗ್ಲಾಸ್ಟರ್‌ಶೈರ್‌ನ ಸ್ಟ್ಯಾನ್ಲಿ ಪಾಂಟ್ಲಾರ್ಜ್‌ನಲ್ಲಿದ್ದ ಅಪ್ಪ ಅಮ್ಮನ ಮನೆಗೆ ಮರಳಿ, ಕಾಲುವೆ ಹೋರಾಟದ ದಿನಗಳಿಂದ ಪರಿಚಯವಿದ್ದ ಸೋನಿಯಾರನ್ನು ಮದುವೆಯಾಗಿ, ಬರವಣಿಗೆಯಲ್ಲೇ ಹೊಟ್ಟೆ ಹೊರೆದರು. 1953ರಲ್ಲಿ ತಾಲಿಲ್ಲಿನ್ ಅನುಭವದ ಪುಸ್ತಕ, 1955ರಲ್ಲಿ ರೈಲು ಅಪಘಾತಗಳ ಬಗ್ಗೆ ಇನ್ನೊಂದು. 1957ರಲ್ಲಿ ಬ್ರೂನೆಲ್ ಜೀವನಚರಿತ್ರೆ, ಆಮೇಲೆ ಟೆಲ್‌ಫರ್ಡ್, ಸ್ಟೀಫನ್‌ಸನ್‌ರದು. ಎಂಜಿನಿಯರನ ಬದುಕೂ ರಾಜರ ಬದುಕಿನಷ್ಟೇ ಓದಿಸಿಕೊಂಡು ಹೋಗುತ್ತೆ ಅಂತ ತೋರಿಸಿಕೊಟ್ಟ ಪುಸ್ತಕಗಳಿವು. ಡಿಗ್ರಿ ಇಲ್ಲದ ಮನುಷ್ಯನಿಗೆ ಎರಡು ವಿಶ್ವವಿದ್ಯಾಲಯಗಳು ಗೌರವ ಪದವಿ ಕೊಟ್ಟವು. ಅರವತ್ತರ ದಶಕದಲ್ಲಿ ಕೆಲ ವರ್ಷ ತಾಲಿಲ್ಲಿನ್‌ನ ಅಧ್ಯಕ್ಷರಾಗಿ ಮರಳಿದ್ದೂ ಉಂಟು. 1974ರ ಮೇ 9ರಂದು ತೀರಿಕೊಂಡರು.

ಐರ್ಲೆಂಡಿನಲ್ಲಿ ಪೀಟ್ ಎಂಬ ಇಂಧನದ ಮಣ್ಣನ್ನು ಸಾಗಿಸಲು 1949ರಲ್ಲಿ ಕಟ್ಟಿದ 3 ಅಡಿ ಗೇಜ್‌ನ ಎಂಜಿನ್ನೊಂದು ಕೆಲಸವಿಲ್ಲದೆ ನಿಂತಿತ್ತು. ತಾಲಿಲ್ಲಿನ್‌ನವರು ಅದನ್ನು ತಂದು, ಟವಿನ್‌ನ ಪೆಂಡ್ರೆ ಶೆಡ್‌ನಲ್ಲಿ ಬಿಚ್ಚಿ, ತಮ್ಮ ಗೇಜ್‌ಗೆ ಹೊಸದಾಗಿ ಕಟ್ಟಿದರು. ವರ್ಷಗಟ್ಟಲೆ ಹಿಡಿಯಿತು. 1991ರಲ್ಲಿ ಅದು ಏಳನೇ ನಂಬರಿನ ಎಂಜಿನ್ ಆಗಿ ಹೊರಬಂತು. ಪಕ್ಕದ ಹಿತ್ತಾಳೆ ಫಲಕದ ಮೇಲೆ ಟಾಮ್ ರೋಲ್ಟ್ ಅಂತ ಹೆಸರಿದೆ.